ಹಳ್ಳದ ಅಂಚಿನ ಕುಂಬಾರ

(ನಮ್ಮೂರ ಪ್ರೌಢಶಾಲೆಯ ಸಭಾಭವನದಲ್ಲಿ ಆಷಾಢದ ಒಂದು ಸಂಜೆ ಆಡಿದ ಮಾತು. ಕರೆಂಟು ಹೋಗಿ ಚಿತ್ರ ತೋರಿಸಲಾಗಲಿಲ್ಲ. ಬಂದಿದ್ದವರಲ್ಲಿ ಕೆಲವರು ‘ಬರೆದಾದರೂ ಕೊಡಿ’ ಅಂದರು. ತೊದಲಿದ್ದನ್ನು ತೆಗೆದು, ಉಳಿದದ್ದನ್ನು ಆಡಿದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ತಂದಿದ್ದೆ, ನಲವತ್ತೆರಡು ಚಿತ್ರ ಜೋಡಿಸಿಕೊಂಡಿದ್ದೆ. ಇದೇ ಊರಲ್ಲಿ ಹುಟ್ಟಿ ಬೆಳೆದವನು ಮಳೆಗಾಲದ ಕರೆಂಟು ನಂಬಿದ್ದು ನನ್ನದೇ ತಪ್ಪು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಅನ್ನಿ. ಇವತ್ತಿನ ಕಥಾನಾಯಕ ಒಂದು ಕಪ್ಪೆ, ಅವನೂ ಕತ್ತಲ ಜೀವಿಯೇ, ಅವನು ಸಿಕ್ಕಿದ ಜಾಗದ ಹೆಸರೂ ಕತ್ತಲೆಕಾನು. ಹಂಚಿನ ಮೇಲೆ ಬೀಳುವ ಮಳೆಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳದಿದ್ದರೆ ಕೈ ಎತ್ತಿ.

ಕತ್ತಲೆಕಾನು ಇಲ್ಲಿಂದ ದೂರವೇನಿಲ್ಲ. ಜೋಗ ದಾಟಿ ಹೊನ್ನಾವರಕ್ಕೆ ಘಟ್ಟ ಇಳಿಯುವ ದಾರಿಯಲ್ಲಿ ಸಿಗುವ ಕಾಡು, ಸಿದ್ದಾಪುರ ತಾಲ್ಲೂಕಿಗೆ ಸೇರಿದ್ದು. ‘ಕಾನು’ ಅಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೊರಗಿನವರಿಗೆ ಎಲ್ಲವೂ ಕಾಡೇ. ಮಲೆನಾಡಿನವರಿಗೆ ಬೆಟ್ಟ ಬೇರೆ, ಬ್ಯಾಣ ಬೇರೆ, ಕಾನು ಬೇರೆ. ಕೊಡಲಿ ತಾಗಿಸದೆ ಬಿಟ್ಟ, ದೇವರೋ ಚೌಡಿಯೋ ಇರುವ, ಬುಡದಲ್ಲಿ ನೀರು ಹುಟ್ಟುವ ಕಾಡು ಕಾನು. ಅದರೊಳಗೂ ಹಗಲು ಹನ್ನೆರಡಕ್ಕೆ ದಾರಿ ಕಾಣದಷ್ಟು ಮುಚ್ಚಿದ್ದನ್ನು ಹಿರಿಯರು ಕತ್ತಲೆಕಾನು ಅಂದರು. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು ನೆಲ, ಅದರಿಂದ ಮೊಣಕಾಲು ಮಡಿಸಿದ ಹಾಗೆ ಮೇಲೆದ್ದು ಮತ್ತೆ ಒಳಗೆ ಹೋಗುವ ಬೇರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಸಿಂಗಳೀಕಗಳು ಓಡಾಡುವ ಕಾಡು ಅದು. ಅದೇ ಊರಿನ ಹೆಸರು ಹೊತ್ತ ಗೇರು ಜಾತಿಯ ಮರವೊಂದನ್ನು 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಿಸಿದರು. ಅಷ್ಟು ಎತ್ತರದ ಮರವೇ ನಿನ್ನೆ ಮೊನ್ನೆವರೆಗೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಅಂದ ಮೇಲೆ, ಅಂಗೈಯಲ್ಲಿ ಹಿಡಿಯುವ ಕಪ್ಪೆಯನ್ನು ಕೇಳುವವರಾರು?

ಕೇಳುವವರು 2006ರಲ್ಲಿ ಬಂದರು. ಕಪ್ಪೆಗಳ ಅಧ್ಯಯನದಲ್ಲಿ ಹೆಸರಾದ ನಮ್ಮವರೇ ಡಾ. ಕೆ.ವಿ. ಗುರುರಾಜ ಮತ್ತು ಜೊತೆಯವರು ರಾತ್ರಿ ಸಮೀಕ್ಷೆಗೆ ಹೋದಾಗ ಹಳ್ಳದಲ್ಲಿ ಈ ಕಪ್ಪೆ ಕಂಡಿತು. ಅದು ಹೊಸ ಜಾತಿ ಎಂದು ಪತ್ರಿಕೆಯಲ್ಲಿ ಅಚ್ಚಾದದ್ದು 2014ರಲ್ಲಿ, ‘ಝೂಟ್ಯಾಕ್ಸಾ’ ಎಂಬ ಪ್ರಾಣಿವರ್ಗೀಕರಣದ ನಿಯತಕಾಲಿಕದಲ್ಲಿ. ಗುರುರಾಜರ ಜೊತೆ ದಿನೇಶ್, ಪ್ರೀತಿ, ರವಿಕಾಂತ್ ಅವರ ಹೆಸರುಗಳಿವೆ. ನಡುವೆ ಎಂಟು ವರ್ಷ. ನಮ್ಮಲ್ಲಿ ಒಬ್ಬ ಹುಡುಗ ಒಂದನೇ ಕ್ಲಾಸಿಗೆ ಸೇರಿ ಎಂಟನೇ ಕ್ಲಾಸು ಮುಗಿಸುವಷ್ಟು ಕಾಲ. ‘ಹೊಸ ಕಪ್ಪೆ ಪತ್ತೆ’ ಅಂತ ಪೇಪರಿನಲ್ಲಿ ನಾಲ್ಕು ಸಾಲು ಓದುವಾಗ ಈ ಎಂಟು ವರ್ಷ ಕಾಣುವುದಿಲ್ಲ. ಅಳತೆ, ಚರ್ಮ, ಬೆರಳ ತುದಿ, ಕೂಗು, ವಂಶವಾಹಿ, ಎಲ್ಲದರಲ್ಲೂ ಅಣ್ಣತಮ್ಮಂದಿರಿಗಿಂತ ಬೇರೆ ಎಂದು ತೋರಿಸಬೇಕು. ಅದಕ್ಕಿಂತ ಹೆಚ್ಚಾಗಿ ಮಳೆಗಾಲದ ರಾತ್ರಿಗಳಲ್ಲಿ ಹಳ್ಳದ ಪಕ್ಕ ಸುಮ್ಮನೆ ಕೂರಬೇಕು. ಮಳೆಗಾಲ ವರ್ಷಕ್ಕೊಂದೇ.

ಹೆಸರು ನಿಕ್ಟಿಬ್ಯಾಟ್ರಕಸ್ ಕುಂಬಾರ. ಮೊದಲರ್ಧ ಗ್ರೀಕು, ‘ಇರುಳುಗಪ್ಪೆ’ ಅಂತ ಅರ್ಥ. ಉಳಿದರ್ಧ ನಮ್ಮದೇ ಕುಂಬಾರ. ಬೆಂಗಳೂರಿನಲ್ಲಿ ಕೂತು ಓದಿದರೂ ಬ್ರೆಜಿಲಿನಲ್ಲಿ ಕೂತು ಓದಿದರೂ ಈ ಕಪ್ಪೆಯನ್ನು ‘ಕುಂಬಾರ’ ಅಂತಲೇ ಕರೆಯಬೇಕು. ನನಗೆ ಇದು ತುಂಬ ಇಷ್ಟವಾದ ಸಂಗತಿ. ನಮ್ಮ ಕಾಡಿನ ಜೀವಿಗಳಿಗೆ ಕಂಡು ಕೇಳದ ದೊರೆಗಳ, ಕರ್ನಲ್‌ಗಳ ಹೆಸರು ಎಷ್ಟು ಅಂಟಿಕೊಂಡಿವೆ ನೋಡಿ. ಇಲ್ಲಿ ಮಾತ್ರ ತಾನು ಮಾಡುವ ಕೆಲಸವೇ ಹೆಸರಾಯಿತು, ಅದೂ ಆ ಕೆಲಸವನ್ನು ನಮ್ಮ ಊರಲ್ಲಿ ಏನೆನ್ನುತ್ತೇವೋ ಅದೇ ಮಾತಿನಲ್ಲಿ.

ಆ ಕೆಲಸ ಏನು ಅಂತ ಹೇಳುವ ಮೊದಲು ನಾನು ಕಂಡ ಒಂದು ರಾತ್ರಿ ಹೇಳಿಬಿಡುತ್ತೇನೆ. ನಾನು ಸಂಶೋಧಕನಲ್ಲ, ಜೀವಶಾಸ್ತ್ರ ಕಲಿಸಿಕೊಂಡು ನಿವೃತ್ತನಾದವನು. ಅನುಮತಿ ಪಡೆದು ಸಮೀಕ್ಷೆಗೆ ಹೊರಟ ತಂಡವೊಂದರ ಬೆನ್ನಿಗೆ ಬಿದ್ದು, ಟಾರ್ಚು ಹಿಡಿಯುವವನಾಗಿ ಹೋಗಿದ್ದೆ. ಕಾಲಿಗೆ ಹೊಗೆಸೊಪ್ಪಿನ ನೀರು ಸವರಿ, ಸಾಕ್ಸಿನೊಳಗೆ ಪ್ಯಾಂಟು ತುರುಕಿದ್ದೆ. ಉಂಬಳಗಳು, ಕಾಡಿನ ಜಿಗಣೆಗಳು, ಅದಕ್ಕೆಲ್ಲ ಸೊಪ್ಪು ಹಾಕುವ ಜಾತಿಯಲ್ಲ. ಮನೆಗೆ ಬಂದು ನೋಡಿದರೆ ಸೊಂಟದ ಪಟ್ಟಿಯ ಕೆಳಗೆ ಮೂರು. ಹಳ್ಳದ ಅಗಲ ನಮ್ಮ ಈ ವೇದಿಕೆಯಷ್ಟು. ನಡುವೆ ನೀರು ಜೋರು. ಅಂಚಿನಲ್ಲಿ ಮಾತ್ರ, ಬಂಡೆಯ ಮರೆಗೆ, ಪಾದ ಮುಳುಗದಷ್ಟು ಆಳದಲ್ಲಿ ನೀರು ನಿಂತೂ ನಿಲ್ಲದ ಹಾಗೆ ಹರಿಯುತ್ತಿತ್ತು. ಎಲೆ ಕೊಳೆತು, ಮೇಲಿನ ಮಣ್ಣು ಇಳಿದು, ಅಲ್ಲಿ ಒಂದಿಷ್ಟು ನುಣುಪು ಕೆಸರು. ಕೆಸರಿನ ಮೇಲೆ ಬಾಗಿದ ಸಣ್ಣ ಕಡ್ಡಿಗಳು.

ಮೊದಲು ಕೇಳಿದ್ದು ದನಿ. ಗದ್ದೆಯ ಕಪ್ಪೆಗಳ ಹಾಗೆ ಊರೆಲ್ಲ ಒಂದು ಮಾಡುವ ಗದ್ದಲವಲ್ಲ ಅದು. ನನ್ನ ಕಿವಿಗೆ ಕೇಳಿದ್ದು ‘ಟೊಕ್’ ಅನ್ನುವ ಸಣ್ಣ ಸದ್ದು. ಸುಟ್ಟ ಮಡಕೆ ಗಟ್ಟಿಯೋ ಒಡಕೋ ಅಂತ ಸಂತೆಯಲ್ಲಿ ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತೇವಲ್ಲ, ಹಾಗೆ. ಎಷ್ಟು ಹುಡುಕಿದರೂ ಕಪ್ಪೆ ಕಾಣಲಿಲ್ಲ. ಜೊತೆಗಿದ್ದ ಹುಡುಗಿ, ಸಂಶೋಧನೆ ಮಾಡುವವಳು, ‘ಸರ್, ನಿಮ್ಮ ಬೂಟಿನಿಂದ ಒಂದು ಗೇಣು ಎಡಕ್ಕೆ’ ಅಂದಳು. ಕೆಸರಿನ ಬಣ್ಣ, ಮೈಮೇಲೆ ಒದ್ದೆ ಬಟ್ಟೆ ಹಿಂಡಿಟ್ಟ ಹಾಗೆ ನೆರಿಗೆ. ಟಾರ್ಚಿನ ಬೆಳಕು ಕಣ್ಣಿಗೆ ಬಿದ್ದಾಗ ಮಾತ್ರ ಅದು ಕಪ್ಪೆ ಅಂತ ಗೊತ್ತಾಯಿತು. ಇರುಳುಗಪ್ಪೆಗಳ ಕಣ್ಣಿನ ಪಾಪೆ ದುಂಡಗಿಲ್ಲ, ಇಸ್ಪೀಟೆಲೆಯ ಡೈಮಂಡಿನ ಹಾಗೆ ನಾಲ್ಕು ಮೂಲೆ.

ಅಲ್ಲಿಂದ ನಾವು ದೀಪಕ್ಕೆ ಕೆಂಪು ಹಾಳೆ ಕಟ್ಟಿ ಕೂತೆವು. ಎಷ್ಟು ಹೊತ್ತೆಂದು ನೆನಪಿಲ್ಲ, ನನ್ನ ಕಾಲು ಜೋಮು ಹಿಡಿದು ಬಿಟ್ಟು ಮತ್ತೆ ಹಿಡಿದಿತ್ತು. ಆಮೇಲೆ ಆ ಗಂಡು ಹಿಂಗಾಲ ಮೇಲೆ ಎದ್ದು ನಿಂತಿತು. ಕಪ್ಪೆ ಎದ್ದು ನಿಲ್ಲುವುದನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ಮೂವತ್ತು ವರ್ಷ ಕಪ್ಪೆಯ ಬಗ್ಗೆ ಪಾಠ ಹೇಳಿದವನು, ನೋಡಿರಲಿಲ್ಲ. ಎದ್ದು ನಿಂತು, ಎರಡೂ ಮುಂಗೈಯಲ್ಲಿ ಹಿಡಿದ ಕೆಸರನ್ನು ಕಡ್ಡಿಗೆ ಅಂಟಿದ್ದ ಮೊಟ್ಟೆಗಳ ಮೇಲೆ ಮೆತ್ತಿತು. ಬಗ್ಗಿತು, ಮತ್ತೆ ತೆಗೆದುಕೊಂಡಿತು, ಮತ್ತೆ ಎದ್ದು ಮೆತ್ತಿತು. ಗೋಡೆಗೆ ಸಾರಿಸುವಾಗ ನಮ್ಮ ಅಜ್ಜಿ ಅಂಗೈ ಹೇಗೆ ಆಡಿಸುತ್ತಿದ್ದಳೋ ಹಾಗೆ, ಒತ್ತಿ, ಎಳೆದು. ನಾಲ್ಕೈದು ಸಲ ಆದ ಮೇಲೆ ನಮ್ಮಲ್ಲಿ ಯಾರೋ ಕೆಮ್ಮಿದರು. ಯಾರೋ ಏನು, ನಾನೇ. ಅದು ಕೆಲಸ ಬಿಟ್ಟು ಬಂಡೆಯ ಸಂದಿಗೆ ಸರಿಯಿತು.

ನಾನು ನೋಡಿದ್ದು ಅಷ್ಟೇ, ನಾಟಕದ ಕೊನೆಯ ಅಂಕದ ಅರ್ಧ. ಮೊದಲಿನದನ್ನು ವಿಡಿಯೊದಲ್ಲಿ ನೋಡಿದ್ದೇನೆ, ಸಂಶೋಧಕರು ಬರೆದದ್ದನ್ನು ಓದಿದ್ದೇನೆ. ಗಂಡು ಕರೆಯುತ್ತದೆ, ಹೆಣ್ಣು ಬರುತ್ತದೆ. ಮೊಟ್ಟೆ ಇಡುವಾಗ ಹೆಣ್ಣು ಮುಂಗೈ ಊರಿ ಹಿಂಭಾಗವನ್ನು ಮೇಲಕ್ಕೆತ್ತಿ ತಲೆಕೆಳಗಾಗಿ ನಿಲ್ಲುತ್ತದೆ, ಗರಡಿಮನೆಯಲ್ಲಿ ಹುಡುಗರು ಕೈಮೇಲೆ ನಿಲ್ಲುತ್ತಾರಲ್ಲ, ಹಾಗೆ. ನೀರಿನ ಮೇಲೆ ಬಾಗಿದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟುತ್ತವೆ. ಹೆಣ್ಣು ಇಳಿದು ಹೊರಟುಹೋಗುತ್ತದೆ, ತಿರುಗಿ ನೋಡುವುದಿಲ್ಲ. ಮುಂದಿನದು ಗಂಡಿನ ಪಾಲಿನ ಕೆಲಸ. ಇಲ್ಲಿ ಕೂತ ಹೆಂಗಸರು ನಗುವುದು ಕೇಳಿಸಿತು, ನಾನೇನೂ ಹೇಳುವುದಿಲ್ಲ.

ಮೊಟ್ಟೆಗೆ ಕೈಯಾರೆ ಕೆಸರು ಮೆತ್ತುವ ಕಪ್ಪೆ ಜಗತ್ತಿನಲ್ಲಿ ಬೇರೆಲ್ಲೂ ಅದುವರೆಗೆ ದಾಖಲಾಗಿರಲಿಲ್ಲ. ಕೆಸರಿನಲ್ಲಿ ಬೇರೆ ಕೆಲಸ ಮಾಡುವ ಕಪ್ಪೆಗಳಿವೆ. ಬ್ರೆಜಿಲಿನಲ್ಲಿ ಒಂದು ದೊಡ್ಡ ಮರಗಪ್ಪೆ ನೀರಿನಂಚಿನಲ್ಲಿ ಕೆಸರಿನ ಕಟ್ಟೆ ಕಟ್ಟಿ ಬೋಗುಣಿಯಂಥ ಸಣ್ಣ ಹೊಂಡ ಮಾಡುತ್ತದೆ, ಅದರಲ್ಲಿ ಮೊಟ್ಟೆ. ತಮಾಷೆ ನೋಡಿ, ಅದರ ಕೂಗು ಸುತ್ತಿಗೆ ಬಡಿದ ಹಾಗಿದೆ ಅಂತ ಅಲ್ಲಿನವರು ಅದನ್ನು ಕಮ್ಮಾರ ಕಪ್ಪೆ ಅಂದರು. ಬೋಗುಣಿ ಮಾಡುವವನು ಅಲ್ಲಿ ಕಮ್ಮಾರ, ಬರಿಯ ಗಿಲಾವು ಮಾಡುವವನು ಇಲ್ಲಿ ಕುಂಬಾರ. ನಮ್ಮವನನ್ನು ಗಾರೆಕೆಲಸದವನು ಅನ್ನಬಹುದಿತ್ತು. ಆದರೆ ಕೆಸರು ಮುಟ್ಟಿದ ಕೈ ಕಂಡ ಕೂಡಲೇ ಕನ್ನಡಿಗನಿಗೆ ನೆನಪಾಗುವುದು ಕುಂಬಾರನೇ ತಾನೆ.

ಯಾಕೆ ಮೆತ್ತಬೇಕು? ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ. ನಾಟಿ ಗದ್ದೆಯಲ್ಲಿ ನೋಡಿರುತ್ತೀರಿ, ಸಾಬಕ್ಕಿ ಬೇಯಿಸಿದ ಹಾಗೆ ಲೋಳೆಯೊಳಗೆ ಕರಿ ಚುಕ್ಕೆ. ಗಾಳಿಗೆ ಬಿಟ್ಟರೆ ಒಣಗುತ್ತದೆ. ಮಳೆಗಾಲದಲ್ಲಿ ಒಣಗುವುದೆಲ್ಲಿ ಬಂತು ಅಂತ ಕೇಳಬಹುದು. ಹದಿನೈದು ದಿನ ಎಡೆಬಿಡದೆ ಹೊಡೆದ ಮಳೆ ಮೂರು ದಿನ ಹೊಳವು ಕೊಟ್ಟರೆ, ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಸಾಲದು, ಕಡ್ಡಿಯ ಮೇಲಿನ ಮೊಟ್ಟೆಗೆ ಸಾಕು. ಕೆಸರಿನ ಹೊದಿಕೆ ತೇವ ಹಿಡಿದಿಡುತ್ತದೆ. ಇನ್ನೊಂದು, ತಿನ್ನುವವರ ಕಣ್ಣು ತಪ್ಪಿಸುತ್ತದೆ. ಹಳ್ಳದ ಏಡಿಗಳಿಗೆ ಕಪ್ಪೆಮೊಟ್ಟೆ ಇಷ್ಟ. ರಾತ್ರಿ ಕಡ್ಡಿಯಿಂದ ಕಡ್ಡಿಗೆ ಹರಿಯುವ ಬೆಕ್ಕುಗಣ್ಣಿನ ಹಾವುಗಳು ಇರುಳುಗಪ್ಪೆಗಳ ಮೊಟ್ಟೆ ನೆಕ್ಕುವುದನ್ನು ನೋಡಿದವರಿದ್ದಾರೆ. ಸಂಶೋಧಕರ ಊಹೆಯೂ ಈ ಎರಡೇ. ಮರಿಗಳಾದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ.

ಹಾಗಾದರೆ ಸೀದಾ ನೀರಿನಲ್ಲೇ ಮೊಟ್ಟೆ ಇಟ್ಟರೆ ಆಗದೆ? ಕೆರೆಯಾದರೆ ಆಗುತ್ತಿತ್ತು. ಘಟ್ಟದ ಹಳ್ಳ ಬೇರೆ ವಸ್ತು. ಬೆಳಿಗ್ಗೆ ಪಾದ ಮುಳುಗದ ನೀರು, ಮೇಲೆಲ್ಲೋ ಮಳೆ ಬಿದ್ದರೆ ಮಧ್ಯಾಹ್ನ ದನ ಎಳೆದೊಯ್ಯುತ್ತದೆ. ಇಲ್ಲಿ ಬದುಕುವ ಕಪ್ಪೆಗೆ ಎರಡು ತಲೆಬೇನೆ. ನೀರಿನ ಸದ್ದಿನಲ್ಲಿ ತನ್ನ ಕೂಗು ಕೇಳಿಸುವುದು ಹೇಗೆ, ಸೆಳವಿನಲ್ಲಿ ಮೊಟ್ಟೆ ಉಳಿಸುವುದು ಹೇಗೆ. ನಮ್ಮ ಘಟ್ಟದ ಹಳ್ಳಗಪ್ಪೆಗಳೆಲ್ಲ ಈ ಎರಡು ಲೆಕ್ಕಕ್ಕೆ ಒಂದೊಂದು ಉತ್ತರ ಬರೆದಿವೆ. ಒಬ್ಬರದು ಒಬ್ಬರು ಕಾಪಿ ಹೊಡೆದಿಲ್ಲ.

ಕುಣಿಯುವ ಕಪ್ಪೆಯದು ಮೊದಲ ಲೆಕ್ಕಕ್ಕೆ ಚೆಂದದ ಉತ್ತರ. ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಜಾತಿಯೇ ಇದೆ, ಹೌದು, ಚಾರ್ಮಾಡಿ ಘಾಟಿ ಹತ್ತುವಾಗ ನೀರುದೋಸೆ ತಿನ್ನಲು ಬಸ್ಸು ನಿಲ್ಲಿಸುವ ಅದೇ ಕೊಟ್ಟಿಗೆಹಾರ. ಗಂಡು ಬಂಡೆಯ ಮೇಲೆ ಕೂತು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳ ನಡುವಿನ ಬಿಳಿ ಜಾಲಪೊರೆ ಬಿಡಿಸಿ, ಮತ್ತೆ ಮಡಿಸುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಬಾವುಟ ತೋರಿಸಿದ ಹಾಗೆ. ಗದ್ದಲದಲ್ಲಿ ದನಿ ಕೇಳದಿದ್ದರೂ ಬಾವುಟ ಕಾಣುತ್ತದೆ. ಎರಡನೇ ಲೆಕ್ಕವನ್ನು ಹೆಣ್ಣು ಬಿಡಿಸುತ್ತದೆ, ಹಿಂಗಾಲಿನಿಂದ ಹಳ್ಳದ ತಳದ ಜಲ್ಲಿಯಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮುಚ್ಚುತ್ತದೆ. ಇದನ್ನೂ ಗುರುರಾಜರೇ 2010ರಲ್ಲಿ ಬರೆದರು. ಕುಣಿಯುವ ಕಪ್ಪೆಗಳ ಗೊದಮೊಟ್ಟೆಗಳು ಹಾವುಮೀನಿನ ಹಾಗೆ ಉದ್ದಕ್ಕಿದ್ದು ಮರಳಿನ ಒಳಗೇ ಬೆಳೆಯುತ್ತವೆ ಅಂತ 2016ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಅವು ಎಲ್ಲಿರುತ್ತವೆ ಅಂತಲೇ ಯಾರಿಗೂ ತಿಳಿದಿರಲಿಲ್ಲ. ಅದೇ ವರ್ಷ ಮಹಾರಾಷ್ಟ್ರದ ಕಡೆಯ ಬಾಂಬೆ ಇರುಳುಗಪ್ಪೆಯ ಸುದ್ದಿಯೂ ಬಂತು. ಅಲ್ಲಿ ಗಂಡು ಹೆಣ್ಣನ್ನು ತಬ್ಬುವುದೇ ಇಲ್ಲ, ಮೇಲೆ ಸೇತುವೆಯ ಹಾಗೆ ಕೈಯೂರಿ ನಿಲ್ಲುತ್ತದೆ, ಹೆಣ್ಣೂ ಕೂಗುತ್ತದೆ. ಕಪ್ಪೆಗಳಲ್ಲಿ ಕೂಗುವುದು ಗಂಡು ಎಂದು ನಾನು ಎಷ್ಟು ಮಕ್ಕಳಿಗೆ ಉತ್ತರ ಬರೆಸಿ ಅಂಕ ಕೊಟ್ಟಿದ್ದೇನೋ.

ಈ ಇರುಳುಗಪ್ಪೆಗಳ ಮನೆತನ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಮೂವತ್ತಕ್ಕೂ ಹೆಚ್ಚು ಜಾತಿಗಳು ಗೊತ್ತಿವೆ. ಕೋಟ್ಯಂತರ ವರ್ಷಗಳಿಂದ ಈ ಬೆಟ್ಟಸಾಲಿನಲ್ಲೇ ಕವಲೊಡೆದು ಬೆಳೆದ ಹಳೆಯ ವಂಶ. ಅವುಗಳ ಚರಿತ್ರೆಯಲ್ಲಿ ಬೆಂಗಳೂರಿನ ಒಬ್ಬ ಮೇಷ್ಟ್ರಿದ್ದಾರೆ, ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ಸಂಕಟದ ವಿಷಯ. ಸಿ.ಆರ್. ನಾರಾಯಣ ರಾವ್. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. 1920ರಲ್ಲಿ ಕೊಡಗಿನ ಕಾವೇರಿಯ ಪವಿತ್ರ ಜೌಗಿನಿಂದ ಒಂದು ಇರುಳುಗಪ್ಪೆಯನ್ನು ಬಣ್ಣಿಸಿದರು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2011ರಲ್ಲಿ ಪ್ರೊ. ಎಸ್.ಡಿ. ಬಿಜು ಮತ್ತು ಸಂಗಡಿಗರು ಒಂದೇ ಸಲಕ್ಕೆ ಹನ್ನೆರಡು ಹೊಸ ಇರುಳುಗಪ್ಪೆಗಳನ್ನು ಬಣ್ಣಿಸಿದಾಗ, ತೊಂಬತ್ತೊಂದು ವರ್ಷ ಕಾಣೆಯಾಗಿದ್ದ ರಾಯರ ಕಪ್ಪೆಯೂ ಮರಳಿ ಸಿಕ್ಕಿತು. ಕೊಟ್ಟಿಗೆಹಾರದ ಕಪ್ಪೆಗೆ 1937ರಲ್ಲಿ ಆ ಹೆಸರಿಟ್ಟವರೂ ರಾಯರೇ. ಈಗ ನಮ್ಮ ಕಾಫಿ ಗಿಡ, ಬೇಲಿಸಾಲಿನಲ್ಲಿ ಕೂತು ಟ್ರಿಕ್ ಟ್ರಿಕ್ ಅನ್ನುವ ಪೊದೆಗಪ್ಪೆಗಳ ಕುಲದ ಹೆಸರು ರಾವೋರ್ಕೆಸ್ಟಿಸ್, ಅದರಲ್ಲಿರುವ ‘ರಾವ್’ ಅವರದೇ.

ಕಪ್ಪೆಯ ಮೇಲೆ ನಮ್ಮವರಿಗೆ ಮೊದಲಿನಿಂದಲೂ ಒಂದು ಸಲಿಗೆ. ಕನ್ನಡದ ಹಳೆಯ ತ್ರಿಪದಿ ಇರುವ ಬಾದಾಮಿಯ ಶಾಸನ ಯಾರದು? ಕಪ್ಪೆ ಅರಭಟ್ಟನದು. ಆ ವೀರನಿಗೂ ನಮ್ಮ ಕಪ್ಪೆಗೂ ಏನು ನಂಟೋ ಪಂಡಿತರು ಹೇಳಲಿ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕಪ್ಪೆ ಶಂಕರ ಇದೆ, ಬಿಸಿಲಿಗೆ ನರಳುವ ಬಸುರಿ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಕಥೆ. ಮಳೆ ಕೈಕೊಟ್ಟ ವರ್ಷ ಕಪ್ಪೆಗಳಿಗೆ ಬಾಸಿಂಗ ಕಟ್ಟಿ ಮದುವೆ ಮಾಡುತ್ತೇವೆ. ಇಷ್ಟೆಲ್ಲ ಮಾಡುವ ನಾವೇ ಬಚ್ಚಲಿಗೆ ಬಂದ ಕಪ್ಪೆಯನ್ನು ಪೊರಕೆಯಲ್ಲಿ ಹೊಡೆದು ಓಡಿಸುತ್ತೇವೆ, ಅದಿರಲಿ.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಕೆಸರಿನ ಬಗ್ಗೆ. ಕುಂಬಾರನಿಗೆ ಮಣ್ಣು ಬೇಕು, ಎಲ್ಲ ಮಣ್ಣೂ ಆಗುವುದಿಲ್ಲ. ಈ ಕಪ್ಪೆಗೂ ಹಾಗೇ. ಸೆಳವಿಗೆ ಕೊಚ್ಚಿಹೋಗದ, ಬಿಸಿಲಿಗೆ ಬಿರಿಯದ, ಮೇಲೆ ನೆರಳಿರುವ, ಪಕ್ಕದಲ್ಲಿ ಕಡ್ಡಿ ಬಾಗಿರುವ ಒಂದು ಗೇಣು ಕೆಸರು ಬೇಕು. ಅದು ಸಿಗುವುದು ಹಳ್ಳದ ಅಂಚಿನಲ್ಲಿ, ಅಷ್ಟೇ. ಕಾಡು ಉಳಿಯಬೇಕು ಅಂದಾಗ ನಾವು ಮರ ಎಣಿಸುತ್ತೇವೆ. ನೀರು ಉಳಿಯಬೇಕು ಅಂದಾಗ ಹಳ್ಳದಲ್ಲಿ ಎಷ್ಟು ನೀರಿದೆ ನೋಡುತ್ತೇವೆ. ಮರಕ್ಕೂ ನೀರಿಗೂ ನಡುವಿನ ಆ ಎರಡು ಮಾರು ಅಗಲದ ಪಟ್ಟಿ ಯಾರ ಲೆಕ್ಕಕ್ಕೂ ಸೇರಿಲ್ಲ. ಬೇಸಿಗೆಯಲ್ಲಿ ಮೇಲಿನ ಅಬ್ಬಿಗೆ ಒಂದರ ಪಕ್ಕ ಒಂದು ಕಪ್ಪು ಪೈಪು ಹಾಕಿ ನೀರು ಎಳೆದುಕೊಳ್ಳುತ್ತೇವೆ, ಮಳೆ ತಡವಾದರೆ ಹಳ್ಳ ತುಂಬುವುದೂ ತಡ. ತೋಟಕ್ಕೆ ದಾರಿ ಮಾಡಲು ಬಂದ ಜೆಸಿಬಿ ಅರ್ಧ ಗಂಟೆ ಬಾಡಿಗೆ ಉಳಿಯಿತೆಂದು ಹಳ್ಳವನ್ನೂ ‘ಚೊಕ್ಕ’ ಮಾಡುತ್ತದೆ, ಅಂಚೆಲ್ಲ ಚರಂಡಿಯ ಹಾಗೆ ನೇರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆಯಲ್ಲಿ ದೊಣ್ಣೆ ಇತ್ತು, ಈಗ ಅದಕ್ಕೆ ಡೀಸೆಲ್ ಹಾಕುತ್ತೇವೆ.

ಇನ್ನೊಂದು, ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುವುದು ಯಾವಾಗ? ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ಹೊಳವು ನೋಡಿಕೊಂಡು ಇನ್ನೊಂದು ಸಲ. ಅದೇ ಕಾಲ ಇವಕ್ಕೂ ಮೊಟ್ಟೆಯ ಕಾಲ. ಮೈಲುತುತ್ತದ ತಾಮ್ರ ನೀರಿನ ಜೀವಿಗಳಿಗೆ ವಿಷ. ನನಗೂ ಎರಡು ಎಕರೆ ತೋಟವಿದೆ, ನಾನೂ ಹೊಡೆಸುತ್ತೇನೆ, ಹೊಡೆಸದಿದ್ದರೆ ಫಸಲು ಅಂಗಳಕ್ಕೆ ಬರುವುದಿಲ್ಲ. ಮೊದಲು ನಮ್ಮಲ್ಲಿ ದ್ರಾವಣ ಕಲಸುವ ಡ್ರಮ್ಮು ಹಳ್ಳದ ಪಕ್ಕವೇ ಇರುತ್ತಿತ್ತು, ನೀರು ಹತ್ತಿರ ಅಂತ. ಸಂಜೆ ಡ್ರಮ್ಮು ತೊಳೆದದ್ದೂ ಅಲ್ಲಿಗೇ. ಹಳ್ಳ ಕೆಳಗೆ ಒಂದಷ್ಟು ದೂರ ನೀಲಿಯಾಗಿ ಹರಿಯುತ್ತಿತ್ತು, ಚಿಕ್ಕಂದಿನಲ್ಲಿ ನಮಗೆ ಅದು ಚೆಂದ ಕಾಣುತ್ತಿತ್ತು. ಈಗ ಡ್ರಮ್ಮು ಮೇಲೆ ಅಂಗಳದಲ್ಲಿದೆ. ಮಾಡಿದ್ದು ಅಷ್ಟೇ, ದೊಡ್ಡದೇನಲ್ಲ.

ದೊಡ್ಡದು ಬೇರೆ ಇದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟು ಮಾಡುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನೀವು ಓದುತ್ತಲೇ ಇದ್ದೀರಿ. ನನ್ನ ನಿಲುವು ಗುಟ್ಟಿನದಲ್ಲ, ಬೇಡ ಅನ್ನುವವರ ಸಾಲಿನಲ್ಲಿ ನಿಂತವನು ನಾನು. ಲಿಂಗನಮಕ್ಕಿ ಅಣೆಕಟ್ಟೆಗೆ ಒಮ್ಮೆ ಕಣಿವೆ ಕೊಟ್ಟಾಗಿದೆ. ಕತ್ತಲಲ್ಲಿ ಕೂತು ಕರೆಂಟಿನ ಯೋಜನೆ ಬೇಡ ಅನ್ನುತ್ತಿದ್ದೇನೆ, ನಗಬೇಡಿ. 2023ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜಗತ್ತಿನ 8,011 ಉಭಯಚರ ಜಾತಿಗಳ ಲೆಕ್ಕ ಬಂತು, ಸುಮಾರು 41 ಶೇಕಡಾ ಅಳಿವಿನ ಅಂಚಿಗೆ ಸರಿದಿವೆ. ಹಕ್ಕಿಗಿಂತ, ಸಸ್ತನಿಗಿಂತ ಕಷ್ಟ ಇವಕ್ಕೆ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ಹಳ್ಳಕ್ಕೆ ಏನು ಬಿತ್ತೋ ಅದು ಮೈಯೊಳಗೆ ಹೋಗಿಯೇ ಹೋಗುತ್ತದೆ.

ಇನ್ನೂ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಆ ಕತ್ತಲೆಕಾನಿನ ರಾತ್ರಿ ಕಪ್ಪೆ ಸರಿದ ಮೇಲೆ ನನಗೆ ಫೋಟೊದ ಆಸೆ ಹತ್ತಿತು. ಕೆಸರು ಮೆತ್ತಿದ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೊಬೈಲಿನ ಕಡೆಗೆ ಸ್ವಲ್ಪ, ಸ್ವಲ್ಪವೇ, ತಿರುಗಿಸಿದೆ. ಕಡ್ಡಿ ಕೊಳೆತಿತ್ತು. ಲಟಕ್ ಅಂದಿತು. ಮೊಟ್ಟೆ, ಕೆಸರು, ಒಂದು ಇಡೀ ರಾತ್ರಿಯ ಕೆಲಸ, ಎಲ್ಲ ನಡುನೀರಿಗೆ ಬಿದ್ದು ಟಾರ್ಚಿನ ಬೆಳಕು ತಲುಪುವ ಮೊದಲೇ ಕಾಣೆಯಾಯಿತು. ಆ ಹುಡುಗಿ ನನ್ನನ್ನು ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ವಯಸ್ಸಿನಲ್ಲಿ ಹಿರಿಯ ಅಂತ ಸುಮ್ಮನಾದಳು ಅಂತ ಕಾಣುತ್ತದೆ. ಬೈದಿದ್ದರೆ ವಾಸಿಯಿತ್ತು. ಫೋಟೊವೂ ಮಸುಕು ಬಂದಿದೆ, ಇವತ್ತಿನ ನಲವತ್ತೆರಡರಲ್ಲಿ ಅದನ್ನು ಸೇರಿಸಿರಲಿಲ್ಲ. ಈಗ ಮಳೆಗಾಲ ಬಂದರೆ ಘಟ್ಟದ ಹಳ್ಳಗಳಿಗೆ ಕ್ಯಾಮೆರಾ ಹಿಡಿದವರು ಗುಂಪು ಗುಂಪಾಗಿ ಇಳಿಯುತ್ತಾರೆ. ಕಲ್ಲು ಎತ್ತಿ ನೋಡುವುದು, ಕಪ್ಪೆಯನ್ನು ಹಿಡಿದು ಚೆಂದದ ಎಲೆಯ ಮೇಲೆ ಕೂರಿಸುವುದು, ಒಂದರ ಮೇಲೊಂದು ಫ್ಲ್ಯಾಶ್. ಅವರನ್ನು ಬೈಯಲು ನನಗೆ ಬಾಯಿಲ್ಲ, ಆ ಕಡ್ಡಿ ಮುರಿದ ಸದ್ದು ಇನ್ನೂ ಕಿವಿಯಲ್ಲಿದೆ.

(ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.)

ಹಿಂದಿನ ಬೆಂಚಿನಿಂದ ಹಿರಿಯರೊಬ್ಬರು ಎದ್ದರು, ಹೆಗಲ ಮೇಲೆ ಒದ್ದೆ ಟವೆಲ್ಲು. ‘ಅಲ್ಲ ಮಾಸ್ತರ್ರೆ, ನಮ್ಮ ತೋಟದ ಹಳ್ಳದಲ್ಲಿ ಈ ನಿಮ್ಮ ಕುಂಬಾರ ಇದ್ದಾನೆ ಅಂತ ಗೊತ್ತಾಯ್ತು ಅಂತಿಟ್ಕೊಳ್ಳಿ. ನಾಳೆ ಸರ್ಕಾರದವರು ಬಂದು ತೋಟ ಬಿಡಿ ಅಂತಾರಾ? ಕಸ್ತೂರಿರಂಗನ್ ವರದಿ ಅಂತ ಹತ್ತು ವರ್ಷದಿಂದ ನಿದ್ದೆ ಇಲ್ಲ ನಮಗೆ.’

ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಅವರ ಪ್ರಶ್ನೆಗೇ. ಕೇಳಬೇಕಾದ ಪ್ರಶ್ನೆಯೇ ಅದು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ 2011ರಲ್ಲಿ ಗಾಡ್ಗೀಳ್ ಸಮಿತಿಯ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ, 2024ರ ಜುಲೈನಲ್ಲಿ ಕೇಂದ್ರದ ಆರನೇ ಕರಡು ಅಧಿಸೂಚನೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟದ ತಿರಸ್ಕಾರ. ಈ ಓಡಾಟದಲ್ಲಿ ಊರವರ ಜೊತೆ ಕೂತು ಮಾತಾಡಿದವರು ಕಮ್ಮಿ, ಹೆದರಿಸಿದವರು ಹೆಚ್ಚು. ನಾನು ಅಂದೆ, ‘ಕಪ್ಪೆ ಇದೆ ಅಂದ ಮಾತ್ರಕ್ಕೆ ತೋಟ ಬಿಡಿ ಅನ್ನುವ ಕಾನೂನು ನಾನು ನೋಡಿಲ್ಲ. ಅವನು ನಿಮ್ಮ ತೋಟ ಕೇಳುತ್ತಿಲ್ಲ ರಾಯರೇ. ಹಳ್ಳದ ಎರಡೂ ಬದಿಗೆ ಎರಡು ಮಾರು ಸವರದೆ ಬಿಡಿ. ದರಕಿನ ಎಲೆ ಅಲ್ಲೇ ಬೀಳಲಿ. ಡ್ರಮ್ಮು ಮೇಲಿಡಿ.’ ಅವರು, ‘ಎರಡು ಮಾರು ಅಂದ್ರೆ ಎಷ್ಟು ಮರ ಆಗ್ತದೆ ಗೊತ್ತುಂಟಾ ನಿಮಗೆ?’ ಅಂದರು. ನಾನು ಲೆಕ್ಕ ಹಾಕಿ ನೋಡಿರಲಿಲ್ಲ. ನನ್ನ ತೋಟದಲ್ಲಿ ಎಣಿಸಿ ಹೇಳುತ್ತೇನೆ ಅಂದೆ. (ಎಣಿಸಿದೆ. ನನ್ನಲ್ಲಿ ಹಳ್ಳದ ಉದ್ದಕ್ಕೆ ಮೂವತ್ತೊಂದು ಮರ ಬರುತ್ತವೆ. ಅವನ್ನು ಕಡಿಯಬೇಕಾಗಿಲ್ಲ, ಬುಡ ಕೆರೆಯದಿದ್ದರಾಯಿತು. ಅವರಿಗೆ ಫೋನು ಮಾಡಿ ತಿಳಿಸಿದ್ದೇನೆ. ‘ನೋಡ್ವ’ ಅಂದಿದ್ದಾರೆ.)

ಕೊನೆಗೆ ಕೈ ಎತ್ತಿದ್ದು ಆರನೆಯದೋ ಏಳನೆಯದೋ ಕ್ಲಾಸಿನ ಹುಡುಗಿ. ಅಷ್ಟು ಹೊತ್ತೂ ಮುಂದಿನ ಸಾಲಿನಲ್ಲಿ ಕೈ ಮೇಲೆ ಗಲ್ಲವಿಟ್ಟು ಕೂತಿದ್ದವಳು.

‘ಸರ್, ಕೆಸರು ಮೆತ್ತಿದ ಮೇಲೆ ಅದು ಕೈ ತೊಳ್ಕೊಳ್ತದಾ?’

‘ಹಳ್ಳಕ್ಕೆ ಇಳೀತದಲ್ಲ ಮಗಾ, ತಾನೇ ತೊಳೆದು ಹೋಗ್ತದೆ’ ಅಂದೆ.

‘ಮತ್ತೆ ಮೊಟ್ಟೆ ಮೇಲಿದ್ದ ಕೆಸರು? ಮಳೆ ಬಂದ್ರೆ ಅದೂ ತೊಳೆದು ಹೋಗೂದಿಲ್ವಾ?’

ಅಷ್ಟು ಹೊತ್ತಿಗೆ ಕರೆಂಟು ಬಂತು. ಪ್ರೊಜೆಕ್ಟರ್ ತಾನಾಗಿ ಹೊತ್ತಿ ಗೋಡೆಯ ಮೇಲೆ ಬರಿಯ ನೀಲಿ ಬಿತ್ತು. ಎಲ್ಲರೂ ಕೊಡೆ ಹುಡುಕುತ್ತಾ ಎದ್ದಿದ್ದರು. ಅವಳೊಬ್ಬಳು ಕೂತೇ ಇದ್ದಳು, ಉತ್ತರಕ್ಕೆ. ನಾನು ಅವಳ ಪಕ್ಕ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ, ಹದಿನೇಳನೇ ಚಿತ್ರದಲ್ಲಿ ಕಡ್ಡಿ ಇತ್ತು, ಕಡ್ಡಿಯ ಮೇಲೆ ಅಗಲವಾದ ಎಲೆ ಇತ್ತು. ಅವಳು ಆ ಎಲೆಯ ಮೇಲೆ ಬೆರಳಿಟ್ಟಳು.